ಡೊಳ್ಳುಗಪ್ಪೆಯ ನಾಲ್ಕನೇ ವರಸೆ

ಮಂಗಳವಾರ, ಊಟದ ಬಿಡುವು
ಲ್ಯಾಬಿನ ಕಿಟಕಿ ಪಕ್ಕದ ಮೇಜು

ಪ್ರೀತಿಯ ಮಹಾರಾಯ,

ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಒಂದೇ ಊರಿನಲ್ಲಿದ್ದುಕೊಂಡು, ಎರಡು ಬಸ್ಸು ಬದಲಾಯಿಸಿದರೆ ಸಿಗುವ ಗಂಡನಿಗೆ ಹೆಂಡತಿ ಲಕೋಟೆಗೆ ಅಂಚೆಚೀಟಿ ಅಂಟಿಸಿ ಪತ್ರ ಬರೆಯುತ್ತಿದ್ದಾಳೆ ಎಂದರೆ ನೋಡಿದವರು ನಕ್ಕಾರು. ನಗಲಿ. ಫೋನಿನಲ್ಲಿ ನಮ್ಮ ಮಾತು ಸ್ವಲ್ಪ ಗಂಭೀರವಾಗುವ ಹೊತ್ತಿಗೆ ಸರಿಯಾಗಿ ಈ ಊರಿನಲ್ಲಿ ಯಾರೋ ಒಬ್ಬರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎದುರಾಬದುರು ಕೂತರೆ ಇನ್ನೂ ಬೇಗ ಸಿಕ್ಕಿಹಾಕಿಕೊಳ್ಳುತ್ತಾರೆ. ಲಿಫ್ಟ್ ಮೆಕ್ಯಾನಿಕ್ಕನ್ನು ಮದುವೆಯಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಪತ್ರಕ್ಕೆ ಆ ಕಾಟವಿಲ್ಲ. ನೀನು ಎದ್ದು ಹೋದರೂ ಅದು ಮಂಚದ ಮೇಲೆ ಬಿದ್ದಿರುತ್ತದೆ, ವಾಪಸ್ ಬಂದಾಗ ಬಿಟ್ಟಲ್ಲಿಂದಲೇ ಶುರುವಾಗುತ್ತದೆ.

ಆಟದ ಅಂಗಡಿಯ ಬೋರ್ಡು ನೋಡಿದೆಯಾ? ಶನಿವಾರದ ಪ್ರಾಣಿಕಾಳಗದ ವಿಡಿಯೋ ಗೇಮ್ ಟೂರ್ನಮೆಂಟಿನಲ್ಲಿ ಮೊದಲ ಸುತ್ತಿನಲ್ಲೇ ನಾನು, ನೀನು. ಚೀಟಿ ಎತ್ತಿದವರಿಗೆ ನಾವು ಗಂಡ ಹೆಂಡತಿ ಎಂದು ಗೊತ್ತಿಲ್ಲ. ಗೊತ್ತಿದ್ದ ಅಂಗಡಿಯವರು ಬದಲಾಯಿಸಿ ಕೊಡಲೇ ಎಂದು ಕೇಳಿದರು. ಬೇಡ, ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ.

ನಾನು ಡೊಳ್ಳುಗಪ್ಪೆಯನ್ನು ಇಳಿಸುತ್ತೇನೆ.

ನಗು, ನಗು. ನಾವು ಮೊದಲು ಭೇಟಿಯಾದದ್ದೂ ಅದೇ ಅಂಗಡಿಯ ಆಟದ ಹಾಲಿನಲ್ಲಿ, ಅದೇ ಕಪ್ಪೆಯ ದೆಸೆಯಿಂದ. ಆಟದಲ್ಲಿ ನೂರಾರು ಪ್ರಾಣಿಗಳಿದ್ದರೂ ಗೆಲ್ಲಬೇಕೆಂದವರೆಲ್ಲ ಹಿಡಿದು ಬರುವುದು ಅದೇ ಹತ್ತಿಪ್ಪತ್ತನ್ನು. ನನ್ನ ಕಪ್ಪೆಯನ್ನು ನೋಡಿ ನೀನು, ಇದನ್ನ ಮ್ಯೂಸಿಯಮ್ಮಿಗೆ ಕೊಡ್ರೀ, ಆಟಕ್ಕೆ ಯಾಕೆ ತಂದ್ರಿ ಅಂದಿದ್ದೆ. ಆಮೇಲೆ ಅದನ್ನು ಸೋಲಿಸಿದ ಬಗೆಯೂ ನೆನಪಿದೆ. ಕಪ್ಪೆಯ ಮೈ ಅಂಟು. ಅದನ್ನು ಮುಟ್ಟಿ ಹೊಡೆದವರ ವೇಗ ಹೊಡೆದಷ್ಟು ಸಲವೂ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಆದರೆ ನಿಧಾನವಾದ ಪ್ರಾಣಿಯನ್ನು ವಾಪಸ್ ಕರೆಸಿಕೊಂಡು ಇನ್ನೊಂದನ್ನು ಕಳಿಸಿದರೆ ಮುಗಿಯಿತು, ಹೋದದ್ದು ಮುಂದಿನ ಸಲ ಬರುವಾಗ ಮಿಂದು ಮಡಿಯುಟ್ಟ ಹಾಗೆ ಹೊಸದಾಗಿ ಬರುತ್ತದೆ. ಕಪ್ಪೆಯ ಅಷ್ಟೂ ಶ್ರಮ ನೀರಿನಲ್ಲಿ ಹೋಮ. ನೀನು ಅವತ್ತು ನಿನ್ನ ಸುಂಟರಹುಂಜವನ್ನು ಒಳಗೆ ಹೊರಗೆ, ಒಳಗೆ ಹೊರಗೆ ಆಡಿಸಿ ನನ್ನನ್ನು ಅಳಿಸಿದ್ದೆ. ಕಪ್ಪೆಯನ್ನು ಯಾರೂ ಆಡಿಸದಿರುವುದಕ್ಕೆ ಕಾರಣ ಅದರ ದುರ್ಬಲತೆಯಲ್ಲ. ಎದುರಾಳಿ ನಿಂತರೆ ಮಾತ್ರ ಅದಕ್ಕೆ ಬೆಲೆ, ಮತ್ತೆ ಯಾವ ಎದುರಾಳಿಯೂ ನಿಲ್ಲುವುದಿಲ್ಲ.

ಈಗ ಕೇಳು. ನಾನು ಈ ಕಪ್ಪೆಯನ್ನು ಕಟ್ಟಿದ್ದೇನೆ, ಮತ್ತು ಚೆನ್ನಾಗಿ ಕಟ್ಟಿದ್ದೇನೆ. ಮೊದಲು ಎಲ್ಲರ ಹಾಗೆ ಅದಕ್ಕೆ ವಿಷ ಉಗುಳುವುದನ್ನು ಕಲಿಸಿದೆ. ಎದುರಾಳಿ ವಾಪಸ್ ಹೋಗಿ ಕೂತ, ವಿಷವೂ ಅವನ ಜೊತೆ ಹೋಗಿ ಕೂತಿತು. ಆಮೇಲೆ ಪ್ರಾಣಿಯನ್ನು ಬೆಳೆಸಲು ಆಟ ಕೊಡುವ ಪಾಯಿಂಟುಗಳನ್ನೆಲ್ಲ ಬಲಕ್ಕೆ ಸುರಿದು ಹೊಡೆದಾಡುವ ಕಪ್ಪೆ ಮಾಡಲು ಹೋದೆ. ನಮ್ಮ ಹಲ್ಲಿನ ಲ್ಯಾಬಿನಲ್ಲಿ ಮೇಣದ ಕೆಲಸ ಮಾಡುವ ಅಕ್ಕ ಇದ್ದಾರಲ್ಲ, ನಾನೇ ಆಟ ಕಲಿಸಿದವರು, ಅವರು ಊಟದ ಡಬ್ಬಿ ಮುಚ್ಚುವುದರೊಳಗೆ ನನಗೆ ಮಣ್ಣು ಮುಕ್ಕಿಸಿದರು. ಅವರೇ ಒಂದು ಮಾತು ಹೇಳಿದರು. ಹಲ್ಲಿನ ಸೆಟ್ಟು ಮಾಡೋವಾಗ ಹಲ್ಲು ನೋಡ್ತೀಯೋ, ಎದುರಿಗಿರೋ ದವಡೆ ನೋಡ್ತೀಯೋ, ಅಂತ. ಹೌದಲ್ಲ ಅನ್ನಿಸಿತು. ಎಷ್ಟೇ ಚಂದದ ಹಲ್ಲಾದರೂ ಎದುರು ದವಡೆ ಕಚ್ಚುವ ಬಗೆ ತಿಳಿಯದೆ ಕೂರಿಸಿದರೆ ಒಂದೇ ವಾರಕ್ಕೆ ವಾಪಸ್ ಬರುತ್ತದೆ. ನಾನು ಇಷ್ಟು ದಿನ ಕಪ್ಪೆಯನ್ನೇ ನೋಡುತ್ತಿದ್ದೆ. ಅವತ್ತಿನಿಂದ ನಿನ್ನನ್ನು ನೋಡಲು ಶುರು ಮಾಡಿದೆ.

ನಿನ್ನಿಂದ ಮುಚ್ಚಿಡುವುದೇನೂ ಇಲ್ಲ, ಕಪ್ಪೆಗೆ ಕಲಿಸಬಹುದಾದ ನಾಲ್ಕೇ ನಾಲ್ಕು ವರಸೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲನೆಯದು ಕೆಸರೆರಚು, ತಾಗಿದವರ ವೇಗ ಇನ್ನೊಂದು ಮೆಟ್ಟಿಲು ಇಳಿಯುತ್ತದೆ. ಆಮೇಲೆ ಹೂತುಕೂರು, ಮಣ್ಣಿನಲ್ಲಿ ಮುಳುಗಿ ಅರ್ಧ ಜೀವ ತುಂಬಿಕೊಳ್ಳುವುದು. ಉರುಳುಪೆಟ್ಟು ಗೊತ್ತೇ ಇದೆ, ಎದುರಿನವರು ಎಷ್ಟು ನಿಧಾನವೋ ಅಷ್ಟು ಜೋರು. ಇನ್ನು ನಾಲ್ಕನೆಯದು ಬೆನ್ನಟ್ಟು. ನಿಂತವರಿಗೆ ಅದರ ಏಟು ಸೊಳ್ಳೆ ಕಡಿದ ಹಾಗೆ. ಆದರೆ ಅದೇ ಸರದಿಯಲ್ಲಿ ಯಾರಾದರೂ ಬೆನ್ನು ತಿರುಗಿಸಿ ವಾಪಸ್ ಹೊರಟರೋ, ಬಾಗಿಲು ದಾಟುವ ಮುಂಚೆಯೇ ಎರಡರಷ್ಟು ಬೀಳುತ್ತದೆ. ಶನಿವಾರ ನಿನ್ನ ಹುಂಜ ಒಮ್ಮೆ ಹಿಂದೆ ತಿರುಗಲಿ, ಪುಕ್ಕ ಒಂದೂ ಉಳಿಯುವುದಿಲ್ಲ. ನಾನು ನಿನಗೆ ಎಂದಾದರೂ ಸುಳ್ಳು ಹೇಳಿದ್ದೇನೆಯೇ?

ಇನ್ನು ವಿಷಯಕ್ಕೆ ಬರುತ್ತೇನೆ. ಏನು ವಿಷಯ ಎಂದು ನಿನಗೆ ಗೊತ್ತು.

ದತ್ತು ಸಂಸ್ಥೆಯ ಮೇಡಂ ಮತ್ತೆ ಫೋನ್ ಮಾಡಿದ್ದರು. ಮುಂದಿನ ವಾರ ಕಳೆದು ಬರುವ ಸೋಮವಾರ ಮನೆ ನೋಡಲು ಬರುತ್ತಾರಂತೆ. ಇಬ್ಬರೂ ಮನೆಯಲ್ಲಿರಬೇಕು, ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಐದು ವರ್ಷದ ಹುಡುಗಿ, ಅವಳನ್ನು ಕಾಯಿಸುವುದಕ್ಕೂ ಒಂದು ಮಿತಿ ಇದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾವು ಅವಳನ್ನು ನೋಡಲು ಹೋದ ದಿನ ಮೇಡಂ ನಿನ್ನನ್ನು ಒಂದು ಪ್ರಶ್ನೆ ಕೇಳುವಷ್ಟರಲ್ಲಿ ನೀನು, ಇಲ್ಲಿನ ಲಿಫ್ಟು ಕೆಟ್ಟಿದೆಯಂತಲ್ಲ, ಒಂದು ನಿಮಿಷ ನೋಡ್ತೀನಿ ಎಂದು ಎದ್ದು ಹೋದೆ. ಯಾರೂ ಕರೆದಿರಲಿಲ್ಲ. ಹುಡುಗಿಯೂ ನಿನ್ನ ಹಿಂದೆಯೇ ಹೋದಳು. ನಾನು ಮೇಡಂ ಎದುರು ಒಬ್ಬಳೇ ಕೂತು ತಣ್ಣಗಾದ ಟೀ ಕುಡಿದೆ. ವಾಪಸ್ ಬಂದಾಗ ನಿನ್ನ ಕೈತುಂಬ ಗ್ರೀಸು, ಲಿಫ್ಟು ಓಡುತ್ತಿತ್ತು, ಹೊರಡುವ ಹೊತ್ತಾಗಿತ್ತು. ಅದಾದ ವಾರಕ್ಕೇ ಕೆಲಸ ಜಾಸ್ತಿ, ಓಡಾಟ ಕಷ್ಟ ಎಂದು ಕಂಪನಿಯ ರೂಮಿಗೆ ಬಟ್ಟೆ ತೆಗೆದುಕೊಂಡು ಹೋದೆ. ನಿನಗೆ ಬೇಕೋ ಬೇಡವೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೇಡ ಎಂದರೆ ನಾನು ಸಾಯುವುದಿಲ್ಲ. ಗೊತ್ತಿಲ್ಲದಿರುವುದು ಮಾತ್ರ ನನ್ನನ್ನು ದಿನಾ ಅರೆಯುತ್ತಿದೆ.

ಅದಕ್ಕೇ ಈ ಪಂಥ. ಮಗುವನ್ನು ನಾನು ಆಟಕ್ಕೆ ಒಡ್ಡುತ್ತಿಲ್ಲ, ಅಷ್ಟು ಬುದ್ಧಿ ಕೆಟ್ಟಿಲ್ಲ. ಒಡ್ಡುತ್ತಿರುವುದು ಒಂದು ಕುರ್ಚಿಯನ್ನು. ನಾನು ಗೆದ್ದರೆ ಆ ಸೋಮವಾರಕ್ಕೆ ಮುಂಚಿನ ಭಾನುವಾರ ನೀನು ಮನೆಗೆ ಬಂದು, ಅಡುಗೆಮನೆಯ ಮೇಜಿನ ಮುಂದೆ ನನ್ನ ಎದುರು ಕೂತು, ಮಾತು ಮುಗಿಯುವ ತನಕ ಏಳಬಾರದು. ಹೌದು ಅನ್ನು, ಅಲ್ಲ ಅನ್ನು, ಕೂತು ಅನ್ನು. ನೀನು ಗೆದ್ದರೆ ನಾನು ಈ ಮಾತನ್ನು ಮತ್ತೆ ಎತ್ತುವುದಿಲ್ಲ. ಮೇಡಮ್ಮಿಗೆ ಫೋನ್ ಮಾಡಿ, ನಾವಿಬ್ಬರೂ ಒಮ್ಮತಕ್ಕೆ ಬರಲಿಲ್ಲ, ಅವಳಿಗೆ ಬೇರೆ ಮನೆ ನೋಡಿ ಎಂದುಬಿಡುತ್ತೇನೆ. ನಿನ್ನ ಉತ್ತರವೇ ಇಲ್ಲದಿದ್ದರೆ ಕೊನೆಗೆ ಆಗುವುದೂ ಅದೇ.

ಒಪ್ಪಿಗೆಯಿದ್ದರೆ ಬರೆಯುವ ಕಷ್ಟ ಬೇಡ. ಶನಿವಾರ ಬಂದು ಎದುರು ಕೂತರೆ ಒಪ್ಪಿದೆ ಎಂದುಕೊಳ್ಳುತ್ತೇನೆ. ಅಂದ ಹಾಗೆ ನಿನ್ನ ಹಸಿರು ಸ್ವೆಟರು ಇಲ್ಲೇ ಉಳಿದಿದೆ. ಕಳಿಸುವುದಿಲ್ಲ.

ಇಂತಿ,
ಗೆಲ್ಲಲಿರುವವಳು

ಮರೆತ ಮಾತು: ಮೇಣದಕ್ಕ ನಿನ್ನ ಪರ ಬಾಜಿ ಕಟ್ಟಿದ್ದಾರೆ. ಸೋತವರು ಒಂದು ತಿಂಗಳು ಲ್ಯಾಬಿನ ಟೀ ಲೋಟ ತೊಳೆಯಬೇಕು. ಅವರಿಗೆ ಕೈಗವಸು ಈಗಲೇ ಕೊಂಡಿಟ್ಟಿದ್ದೇನೆ.


ಸೋಮವಾರ, ಸಂಜೆ
ಅಡುಗೆಮನೆ

ಸೋತ ಮಹಾರಾಯನಿಗೆ,

ಶನಿವಾರ ನಡೆದದ್ದೆಲ್ಲ ನಿನಗೆ ಗೊತ್ತು, ನೀನೂ ಅಲ್ಲೇ ಇದ್ದೆ. ಆದರೂ ಮೊದಲಿನಿಂದ ಹೇಳುತ್ತೇನೆ. ಗೆದ್ದವಳಿಗೆ ಅಷ್ಟೂ ಹಕ್ಕಿಲ್ಲವೇ?

ನೀನು ಬರುತ್ತೀಯೋ ಇಲ್ಲವೋ ಎಂದು ಹಾಲಿನ ಬಾಗಿಲನ್ನೇ ನೋಡುತ್ತ ಕೂತಿದ್ದೆ. ಬಂದೆ. ಕೆಲಸದ ಅಂಗಿಯಲ್ಲೇ ಬಂದೆ, ಜೇಬಿನಲ್ಲಿ ಟೆಸ್ಟರು ಹಾಗೇ ಇತ್ತು. ಕುರ್ಚಿ ಎಳೆದುಕೊಂಡು ಕೂತು ನನ್ನ ಮುಖ ನೋಡದೆ, ಶುರು ಮಾಡೋಣವಾ ಎಂದು ಕೇಳಿದೆ.

ಮೊದಲೆರಡು ಪ್ರಾಣಿಗಳ ಮಟ್ಟಿಗೆ ನೀನು ನನ್ನನ್ನು ಸರಿಯಾಗಿಯೇ ಉಜ್ಜಿದೆ. ಒಪ್ಪಿಕೊಳ್ಳುತ್ತೇನೆ. ತಲಾ ಮೂರರಲ್ಲಿ ನನಗೆ ಉಳಿದದ್ದು ಕಪ್ಪೆ ಒಂದೇ. ನಿನ್ನ ಹತ್ತಿರ ಹುಂಜ ಇತ್ತು, ಅಲ್ಲಲ್ಲಿ ಪೆಟ್ಟು ತಿಂದಿದ್ದರೂ ಗಟ್ಟಿಯಾಗಿತ್ತು. ಅದರ ಹಿಂದೆ ಕುಟುಕು ಜೀವ ಹಿಡಿದುಕೊಂಡಿದ್ದ ಗಾಜುಹಲ್ಲಿ. ನಾನು ಕಪ್ಪೆಯನ್ನು ಇಳಿಸಿದಾಗ ಹಿಂದೆ ನಿಂತಿದ್ದವರೆಲ್ಲ ಅಯ್ಯೋ ಎಂದರು. ಒಬ್ಬ, ಪಾಪ, ಬೇರೆ ಏನೂ ಸಿಕ್ಕಲಿಲ್ಲವೇನೋ ಎಂದದ್ದೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಹುಂಜ ಒದೆಯಿತು. ಕಪ್ಪೆಯ ಅಂಟು ಹತ್ತಿ ವೇಗ ಒಂದು ಮೆಟ್ಟಿಲು ಇಳಿಯಿತು. ಕಪ್ಪೆ ಕೆಸರೆರಚಿತು. ಇನ್ನೊಂದು ಮೆಟ್ಟಿಲು. ಮುಂದಿನ ಸರದಿಗೆ ಹಾಲಿನಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು ನೀನು ಏನು ಮಾಡಬೇಕೆಂದು. ಹುಂಜವನ್ನು ವಾಪಸ್ ಕರೆದು ಹಲ್ಲಿಯನ್ನು ಬಲಿ ಕೊಡುವುದು, ಆಮೇಲೆ ಹುಂಜವನ್ನು ಮತ್ತೆ ಹೊಸದಾಗಿ ಇಳಿಸುವುದು. ಅಷ್ಟು ಮಾಡಿದ್ದರೆ ನಾನು ಮುಗಿದಿದ್ದೆ. ಇಷ್ಟು ವರ್ಷ ನೀನು ಅದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಿದ್ದನ್ನು ನಾನು ನೋಡಿಲ್ಲ. ನಿನ್ನ ಬೆರಳು ವಾಪಸ್ಸಿನ ಗುಂಡಿಯ ಮೇಲೆ ಹೋಗಿ ನಿಂತಿತು. ಆ ಹೊತ್ತಿಗೆ ನಾನು ಮನಸ್ಸಿನಲ್ಲೇ ಮೇಡಮ್ಮಿಗೆ ಫೋನ್ ಮಾಡಿ, ಮಾತು ಹೇಗೆ ಶುರು ಮಾಡುವುದೆಂದು ಹುಡುಕುತ್ತಿದ್ದೆ. ಗೆಲ್ಲಲಿರುವವಳು ಎಂದು ಸಹಿ ಹಾಕಿದ್ದೇನೋ ನಿಜ, ಆ ಕ್ಷಣದಲ್ಲಿ ಮಾತ್ರ ಸೋತೆ ಎಂದೇ ಎಣಿಸಿದ್ದೆ.

ನೀನು ಬೆರಳು ಸರಿಸಿ ಮೈಕೊಡವು ಒತ್ತಿದೆ.

ಸುಂಟರಹುಂಜಕ್ಕೆ ಮೈಕೊಡವು! ಹಿಂದಿದ್ದವರು ಹೋ ಎಂದರು. ಮೈಗೆ ಮೆತ್ತಿದ್ದೆಲ್ಲ ಉದುರಿಸಿ ವೇಗವನ್ನು ಮೊದಲಿನಂತೆ ಮಾಡುವ ವರಸೆ ಅದು. ಹುಂಜಕ್ಕೆ ಅದನ್ನು ಯಾರೂ ಕಲಿಸುವುದಿಲ್ಲ, ಯಾಕೆಂದರೆ ವಾಪಸ್ ಕರೆದರೆ ಅದೇ ಕೆಲಸ ಪುಕ್ಕಟೆ ಆಗುತ್ತದೆ. ನೀನು ಒಂದು ಒಳ್ಳೆಯ ಹೊಡೆತವನ್ನೇ ತೆಗೆದುಹಾಕಿ ಅದನ್ನು ತುಂಬಿಸಿಕೊಂಡು ಬಂದಿದ್ದೆ. ನಿಂತಲ್ಲೇ ನಿಂತು ಗೆಲ್ಲುವ ಹುಂಜ! ನನ್ನ ಪತ್ರ ಎಂಥ ಕೆಲಸ ಮಾಡಿತು ನೋಡು. ಬೆನ್ನಟ್ಟಿನ ಹೆದರಿಕೆಗೆ ನೀನು ನಿನ್ನ ಆಟದ ಧಾಟಿಯನ್ನೇ ಬದಲಾಯಿಸಿಕೊಂಡು ಬಂದಿದ್ದೆ.

ಉಪಾಯವೇನೋ ಸರಿಯಾಗಿಯೇ ಇತ್ತು. ಒಂದೇ ಸರದಿಯಲ್ಲಿ ಇಬ್ಬರೂ ಗುಂಡಿ ಒತ್ತಿದರೂ ವೇಗ ಹೆಚ್ಚಿದ್ದವರದೇ ಮೊದಲು. ಎರಡು ಮೆಟ್ಟಿಲು ಇಳಿದರೂ ಹುಂಜ ಕಪ್ಪೆಗಿಂತ ವೇಗವಾಗಿಯೇ ಇರಬೇಕು. ಮೊದಲು ಅದು ಮೈ ಕೊಡವಬೇಕು, ಆಮೇಲೆ ನನ್ನ ಉರುಳುಪೆಟ್ಟು ಬಂದು ಸುಮ್ಮನೆ ಸವರಿಕೊಂಡು ಹೋಗಬೇಕು. ನೀನು ಹಾಕಿದ ಲೆಕ್ಕ ಇದೇ ತಾನೇ? ಆದರೆ ನಾನು ನಿನಗೆ ಹೇಳಿದ್ದು ನಾಲ್ಕು ವರಸೆ ಮಾತ್ರ. ಪಾಯಿಂಟುಗಳನ್ನು ಎಲ್ಲಿ ಹಾಕಿದ್ದೇನೆ ಎಂದು ನೀನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಕಪ್ಪೆ ಇಟ್ಟುಕೊಂಡವರೆಲ್ಲ ಪಾಯಿಂಟುಗಳನ್ನು ಅದರ ಹೊಟ್ಟೆಗೆ ಸುರಿಯುತ್ತಾರೆ, ಇನ್ನೂ ದಪ್ಪವಾಗಲಿ ಎಂದು. ನಾನು ಅಷ್ಟನ್ನೂ ವೇಗಕ್ಕೆ ಹಾಕಿದ್ದೆ. ಆಟದಲ್ಲೇ ಅತಿ ಸೋಮಾರಿ ಪ್ರಾಣಿಗೆ ವೇಗ! ಮೇಣದಕ್ಕನಿಗೆ ತೋರಿಸಿದಾಗ, ನಿನಗೆ ತಲೆ ಸರಿ ಇದೆಯಾ ಎಂದು ಹಣೆ ಮುಟ್ಟಿ ನೋಡಿದ್ದರು. ಎಷ್ಟೇ ಸುರಿದರೂ ಅದು ಹುಂಜವಾಗುವುದಿಲ್ಲ, ಗೊತ್ತು. ಆದರೆ ಎರಡು ಮೆಟ್ಟಿಲು ಇಳಿದ ಹುಂಜಕ್ಕಿಂತ ಒಂದು ಕೂದಲೆಳೆ ಮುಂದಿರುತ್ತದೆ. ನನಗೆ ಬೇಕಾಗಿದ್ದದ್ದು ಆ ಕೂದಲೆಳೆ.

ಕಪ್ಪೆ ಮೊದಲು ಉರುಳಿತು. ನಿನ್ನ ಹುಂಜ ರೆಕ್ಕೆ ಬಿಚ್ಚುವ ಮೊದಲೇ ಮಲಗಿತು. ಹಲ್ಲಿಗೆ ಒಂದು ಹಿಡಿ ಕೆಸರು ಸಾಕಾಯಿತು.

ಆಮೇಲೆ ಹಾಲಿನಲ್ಲಿ ಎದ್ದ ಗಲಾಟೆ ನನಗೆ ಸರಿಯಾಗಿ ನೆನಪಿಲ್ಲ. ಯಾರೋ ಬೆನ್ನು ತಟ್ಟಿದರು. ಪಾಪ ಎಂದಿದ್ದವನು ಬಂದು ಕಪ್ಪೆಗೆ ಏನೇನು ಕಲಿಸಿದ್ದೀರಿ ಎಂದು ಕೇಳಿದ, ಹೇಳಲಿಲ್ಲ. ನನಗೆ ನೆನಪಿರುವುದು ನಿನ್ನ ನಗು. ಸೋತವನು ಹಾಗೆ ನಗುತ್ತಾನೆಯೇ? ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು, ಸ್ಪೀಡು ಹಾಕಿದ್ದೀಯಾ, ಈ ಕಪ್ಪೆಗೆ ಸ್ಪೀಡು ಹಾಕಿದ್ದೀಯಾ ಎಂದು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ನಿನ್ನ ಫೋನು ಬಡಿದುಕೊಂಡಿತು. ಬಂತಪ್ಪ, ಯಾರೋ ಸಿಕ್ಕಿಹಾಕಿಕೊಂಡರು ಎಂದುಕೊಂಡೆ. ನೀನು ಅದನ್ನು ಎತ್ತಿ, ಬೇರೆಯವರಿಗೆ ಹೇಳ್ರಪ್ಪ, ನಾನು ಇಲ್ಲಿದ್ದೀನಿ ಎಂದು ಹೇಳಿ ಜೇಬಿಗೆ ಹಾಕಿದೆ. ಆಮೇಲೆ ಕುರ್ಚಿಯಲ್ಲೇ ಕೂತು ನನ್ನ ಎರಡನೇ ಸುತ್ತನ್ನೂ ಪೂರ್ತಿ ನೋಡಿದೆ. ಆ ಸುತ್ತಿನಲ್ಲಿ ನಾನು ಸೋತದ್ದಕ್ಕೆ ನೀನೇ ಕಾರಣ, ಆಟದ ಕಡೆ ಗಮನವೇ ಇರಲಿಲ್ಲ ನನಗೆ.

ಪಂಥ ಪಂಥವೇ. ಬರುವ ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ. ನಿನ್ನ ಕುರ್ಚಿಯ ಆಡುವ ಕಾಲಿಗೆ ರಟ್ಟು ಮಡಿಸಿ ಇಟ್ಟಿದ್ದೇನೆ, ಅದನ್ನು ರಿಪೇರಿ ಮಾಡುವ ನೆಪವೂ ನಿನಗೆ ಸಿಗುವುದಿಲ್ಲ. ನೀನು ಏನು ಹೇಳಿದರೂ ಕೇಳಿಸಿಕೊಳ್ಳಲು ನಾನು ತಯಾರಾಗಿದ್ದೇನೆ. ಹಾಗೆಂದು ಏನಾದರೂ ಪರವಾಗಿಲ್ಲ ಎಂದು ಅರ್ಥವಲ್ಲ. ನನಗೆ ಆ ಹುಡುಗಿ ಬೇಕು. ನೀನೂ ಬೇಕು. ಇಷ್ಟನ್ನು ನಿನ್ನ ಮುಖ ನೋಡಿ ಹೇಳಲು ನನಗೂ ಧೈರ್ಯ ಬಂದಿರಲಿಲ್ಲ. ಅದಕ್ಕೇ ಇಷ್ಟು ದಿನ ನಿನಗೆ ಬೇಕಾ ನಿನಗೆ ಬೇಕಾ ಎಂದು ನಿನ್ನನ್ನೇ ಕೇಳುತ್ತಿದ್ದೆ.

ಇಂತಿ,
ಹೇಳಿದಂತೆಯೇ ಗೆದ್ದವಳು

ಮರೆತ ಮಾತು: ನಾಲ್ಕನೇ ವರಸೆ ಬೆನ್ನಟ್ಟು ಅಲ್ಲ, ವಟಗುಟ್ಟು. ಕಪ್ಪೆ ಹುಟ್ಟುವಾಗಲೇ ಕಲಿತು ಬರುವ ವರಸೆ, ಅದರಿಂದ ಒಂದು ಇರುವೆಯೂ ಸಾಯುವುದಿಲ್ಲ. ಡೊಳ್ಳುಗಪ್ಪೆಗೆ ಬೆನ್ನಟ್ಟು ಕಲಿಯುವುದಕ್ಕೇ ಬರುವುದಿಲ್ಲ, ಮಾರಾಯ! ಯಾವ ಪ್ರಾಣಿ ಏನು ಕಲಿಯುತ್ತದೆ ಎಂಬ ಪಟ್ಟಿ ಆಟದೊಳಗೇ ಇದೆ, ತೆರೆದು ನೋಡಿದ್ದರೆ ಅರ್ಧ ನಿಮಿಷದಲ್ಲಿ ನನ್ನ ಸುಳ್ಳು ಬಯಲಾಗುತ್ತಿತ್ತು. ಎಲ್ಲರಿಗೂ ಪಾಠ ಹೇಳುವ ನೀನು ಅಷ್ಟೂ ನೋಡಲಿಲ್ಲ. ಮದುವೆಯಾದ ಮೇಲೆ ನಿನಗೆ ಹೇಳಿದ ಮೊದಲನೇ ಸುಳ್ಳು ಇದು. ಎಷ್ಟು ಚೆನ್ನಾಗಿ ನಂಬಿದೆ!


ಗುರುವಾರ
ಕಂಪನಿಯ ರೂಮು

ಹಲ್ಲಮ್ಮನಿಗೆ,

ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ. ನಾನು ಬರೆಯುವುದು ಹೆಚ್ಚೆಂದರೆ "ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ" ಎಂದು. ಆದರೂ ಎರಡು ಪತ್ರ ತಿಂದುಕೊಂಡು ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ.

ಮೊದಲು ಆಟದ ಮಾತು ಮುಗಿಸುತ್ತೇನೆ. ಕಪ್ಪೆಗೆ ವೇಗ ಹಾಕುತ್ತೀಯ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಿನ್ನ ಪತ್ರ ಬಂದ ಮೇಲೆ ಲೆಕ್ಕವನ್ನು ಮತ್ತೆ ಹಾಕಿದೆ. ಒಂದು ಕೂದಲೆಳೆ, ನೀನು ಹೇಳಿದ್ದು ಸರಿ. ಒಳ್ಳೆಯ ಕೆಲಸ. ನಮ್ಮ ವರ್ಕ್‌ಶಾಪಿನಲ್ಲಿ ಹುಡುಗರಿಗೆಲ್ಲ ಹೇಳಿದೆ, ನಮ್ಮ ಮನೆಯವಳು ಹೀಗೆ ಕಟ್ಟಿದ್ದಳು ಎಂದು. ಅವರಿಗೆ ಅರ್ಥವಾಗಲಿಲ್ಲ, ಆದರೂ ಹೇಳಿದೆ.

ಇನ್ನೊಂದು ಮಾತು. ಆವತ್ತು ಅಲ್ಲಿನ ಲಿಫ್ಟು ನೋಡಲು ನಾನು ಎದ್ದು ಹೋದದ್ದು ನಿನಗೆ ಸಿಟ್ಟು ತರಿಸಿದೆ. ಸಿಟ್ಟು ಸರಿಯೇ. ಅಲ್ಲಿ ಏನು ನಡೆಯಿತು ಎಂದು ನಾನು ಹೇಳಿರಲಿಲ್ಲ. ನಾನು ಬಾಗಿಲು ತೆಗೆದು ಒಳಗೆ ಬಗ್ಗಿದ್ದೆ. ಆ ಹುಡುಗಿ ಸ್ವಲ್ಪ ದೂರದಲ್ಲಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಈ ಹಗ್ಗ ಕಿತ್ತುಹೋದ್ರೆ ಬಿದ್ದುಹೋಗತ್ತಾ ಎಂದು ಕೇಳಿದಳು. ಇಲ್ಲ ಎಂದೆ. ಹಗ್ಗ ಹೋದರೂ ಕೆಳಗೆ ಒಂದು ದವಡೆ ಇರುತ್ತದೆ, ಅದು ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿದುಕೊಳ್ಳುತ್ತದೆ, ಒಳಗಿದ್ದವರಿಗೆ ಏನೂ ಆಗುವುದಿಲ್ಲ ಎಂದು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಕಚ್ಚಿ ಹಿಡಿದದ್ದು ಬಿಟ್ರೆ ಎಂದಳು. ಬಿಡಲ್ಲ ಪುಟ್ಟಿ, ಅದರ ಕೆಲಸವೇ ಅದು ಎಂದೆ. ಆಮೇಲೆ ಅವಳು, ನೀವು ನಾಳೆ ಬರ್ತೀರಾ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು, ಎಲ್ಲಾರೂ ಹೂಂ ಅಂತಾರೆ, ಅಂತ. ಅಳುತ್ತಾ ಹೇಳಲಿಲ್ಲ. ಇವತ್ತು ಬಿಸಿಲಿದೆ ಎನ್ನುವ ಹಾಗೆ ಹೇಳಿದಳು.

ನಾನು ಹೂಂ ಎನ್ನಲಿಲ್ಲ. ಎಲ್ಲರೂ ಅಂದಿರುವ ಮಾತನ್ನೇ ನಾನೂ ಅಂದು ಬರುವುದು ಹೇಗೆ? ಲಿಫ್ಟಿನ ದವಡೆ ಹಿಡಿಯುತ್ತದೆ ಎಂದು ನಾನು ಕಣ್ಣುಮುಚ್ಚಿ ಹೇಳಬಲ್ಲೆ, ಪರೀಕ್ಷೆ ಮಾಡಿ ನೋಡಿರುತ್ತೇನೆ. ನನ್ನ ಬಗ್ಗೆ ಹಾಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕಷ್ಟದ ಮಾತು ಬಂದಾಗಲೆಲ್ಲ ನಾನು ಎಲ್ಲಿಗೆ ಹೋಗುತ್ತೇನೆ ಎಂದು ನಿನಗಿಂತ ಚೆನ್ನಾಗಿ ನನಗೇ ಗೊತ್ತು. ನಿನ್ನ ಬಿಟ್ಟು ಬಂದರೆ ನೀನು ಬೈದುಕೊಂಡು ಕಾಯುತ್ತೀಯ. ಅವಳನ್ನು ಹಾಗೆ ಬಿಟ್ಟು ಬಂದರೆ? ಅವಳು ಬೈಯುವುದೂ ಇಲ್ಲ. ಆ ಭಯಕ್ಕೇ ರೂಮಿಗೆ ಬಂದು ಕೂತೆ. ಬೇಡ ಎಂದು ಬಂದದ್ದಲ್ಲ, ಇದೊಂದನ್ನು ಮಾತ್ರ ಈಗಲೇ ತಿಳಿದುಕೊ.

ನನ್ನ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಕೂತು ಹೇಳಬೇಕು ಎಂದಲ್ಲವೇ ಪಂಥ? ಕೂತೇ ಹೇಳುತ್ತೇನೆ. ಭಾನುವಾರ ಫೋನನ್ನು ಜೊತೆಯವನ ಕೈಗೆ ಕೊಟ್ಟು ಬರುತ್ತೇನೆ. ಸೋಮವಾರಕ್ಕೂ ರಜೆ ಬರೆದುಕೊಟ್ಟಿದ್ದೇನೆ. ನೀನು ಲ್ಯಾಬಿಗೆ ಹೋಗಿದ್ದಾಗ ನಿನ್ನೆ ಮನೆಗೆ ಬಂದು ಚಿಕ್ಕ ಕೋಣೆಯ ಕಿಟಕಿಯ ಅಳತೆ ತೆಗೆದುಕೊಂಡು ಹೋದೆ. ಆ ಕಟ್ಟೆ ತಗ್ಗು, ಐದು ವರ್ಷದವರು ಸಲೀಸಾಗಿ ಹತ್ತುತ್ತಾರೆ. ಸರಳು ಹಾಕಬೇಕು, ವೆಲ್ಡಿಂಗಿಗೆ ಹೇಳಿದ್ದೇನೆ. ಕುರ್ಚಿಯ ಕೆಳಗೆ ನೀನು ಇಟ್ಟ ರಟ್ಟನ್ನು ನೋಡಿದೆ, ಮುಟ್ಟಲಿಲ್ಲ. ಸ್ವೆಟರು ಹಾಕಿಕೊಂಡು ಬಂದಿದ್ದೇನೆ, ಹುಡುಕಬೇಡ.

ಇಂತಿ ನಿನ್ನ,
ಮೆಟ್ಟಿಲು ಬಳಸಿ ಬರುವವನು

ನನ್ನದೂ ಒಂದು ಮರೆತ ಮಾತು: ಬೇಕೆಂದೇ ಸೋತೆ ಎಂದು ತಿಳಿಯಬೇಡ. ನಿಂತೇ ಗೆಲ್ಲುತ್ತೇನೆ ಎಂದು ಹಟ ಹಿಡಿದು ಕೂತಿದ್ದೆ, ಹಾಗೆ ಕೂರಲು ನನ್ನ ಕೈಲಾಗುತ್ತದೆಯೇ ಎಂದು ನೋಡಬೇಕಿತ್ತು. ನಿನ್ನ ಮೊದಲ ಪತ್ರ ಬಂದ ದಿನವೇ ಪಟ್ಟಿ ತೆರೆದು ನೋಡಿದ್ದೆ. ಡೊಳ್ಳುಗಪ್ಪೆಗೆ ಬೆನ್ನಟ್ಟು ಕಲಿಯಲು ಬರುವುದಿಲ್ಲ ಎಂದು ಶನಿವಾರ ನಿನ್ನ ಎದುರು ಬಂದು ಕೂರುವಾಗಲೇ ನನಗೆ ಗೊತ್ತಿತ್ತು.